ಹಿಮ ಕಾಣದ ಊರಿನಲ್ಲಿ ಹಿಮದ ನೀರನ್ನು ಅಳೆದು ತೋರಿಸುವ ಬಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯ ಮಕ್ಕಳು ಆಕಾಶದಿಂದ ಬಿದ್ದ ಮಂಜುಗಡ್ಡೆಯನ್ನು ನೋಡುವುದು ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಮಾತ್ರ. ತಗಡಿನ ಮೇಲೆ ಬಡಬಡನೆ ಬೀಳುವ ಆಣೆಕಲ್ಲನ್ನು ಅಂಗಳದಿಂದ ಆರಿಸಿ ತಂದು ಅಂಗೈಯಲ್ಲಿ ಹಿಡಿದರೆ, ಅದು ನೋಡನೋಡುತ್ತಿದ್ದಂತೆ ನೀರಾಗಿ ಬೆರಳ ಸಂದಿನಿಂದ ಸೋರಿಹೋಗುತ್ತದೆ. ಇಂಥ ಮಕ್ಕಳಿಗೆ ನಾವು ಉತ್ತರದ ನದಿಗಳು ಹಿಮದ ಆಸರೆಯಿಂದ ವರ್ಷವಿಡೀ ಹರಿಯುತ್ತವೆ, ದಕ್ಷಿಣದ ನದಿಗಳು ಮಳೆಯನ್ನೇ ನಂಬಿವೆ ಎಂಬ ಮಾತನ್ನು ಬಾಯಿಪಾಠ ಮಾಡಿಸುತ್ತೇವೆ. ಪರೀಕ್ಷೆಯಲ್ಲಿ ಅಂಕ ಪಡೆಯಲು ಅಷ್ಟು ಸಾಕು. ಆದರೆ ಹಿಮವು ನದಿಗೆ ನಿಜವಾಗಿ ಏನು ಮಾಡುತ್ತದೆ, ಅದಿಲ್ಲದ ಮಲಪ್ರಭೆಗೂ ವರದೆಗೂ ಏನು ಕಡಿಮೆಯಾಗಿದೆ ಎಂಬುದು ಆ ಒಂದು ಮಾತಿನಿಂದ ತಿಳಿಯುವುದಿಲ್ಲ. ಧಾರವಾಡದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಈ ಪಾಠವನ್ನು ಹಲವು ವರ್ಷ ಹೇಳಿದ ಮೇಲೆ, ಒಂದು ದಿನವನ್ನು ಮೀಸಲಿಟ್ಟು ಬರ್ಫ, ಮಣ್ಣು ಮತ್ತು ಅಳತೆ ಜಾಡಿಗಳಿಂದ ಇದನ್ನು ಮಾಡಿ ತೋರಿಸುವುದೇ ಸರಿಯಾದ ದಾರಿಯೆಂದು ನನಗೆ ಮನವರಿಕೆಯಾಗಿದೆ. ಆ ವಿಧಾನವನ್ನು ಇಲ್ಲಿ ವಿವರಿಸಿದ್ದೇನೆ.

ಆರಂಭಿಸುವ ಮುನ್ನ ಶಿಕ್ಷಕರ ಮನಸ್ಸಿನಲ್ಲಿ ಒಂದು ಸಂಗತಿ ಗಟ್ಟಿಯಾಗಿರಬೇಕು. ಹಿಮದ ದೊಡ್ಡ ಉಪಕಾರವಿರುವುದು ನೀರಿನ ಪ್ರಮಾಣಕ್ಕಿಂತ ಹೆಚ್ಚಾಗಿ ನೀರು ಬರುವ ಹೊತ್ತಿನಲ್ಲಿ. ಮೆಡಿಟರೇನಿಯನ್ ಕಡೆಯಿಂದ ಬರುವ ಚಳಿಗಾಲದ ಮೋಡಗಳು ಜನವರಿ-ಫೆಬ್ರುವರಿಯಲ್ಲಿ ಪಶ್ಚಿಮ ಹಿಮಾಲಯದ ಮೇಲೆ ಸುರಿಸಿದ ನೀರು, ಮಳೆಯಾಗಿದ್ದರೆ ಆ ವಾರವೇ ಹರಿದುಹೋಗುತ್ತಿತ್ತು. ಹಿಮವಾಗಿ ಬಿದ್ದುದರಿಂದ ಅದು ಬೆಟ್ಟದ ಮೇಲೆಯೇ ಕುಳಿತು, ಏಪ್ರಿಲ್‌ನಿಂದ ಜೂನ್‌ವರೆಗೆ, ಅಂದರೆ ಬಿಸಿಲು ಏರಿ ಮುಂಗಾರು ಇನ್ನೂ ಮುಟ್ಟದ ತಿಂಗಳುಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ಇಳಿದುಬರುತ್ತದೆ. ತರಗತಿಯಲ್ಲಿ ತೋರಿಸಬೇಕಾದದ್ದು ಈ ತಡವನ್ನು.

ಸಾಮಗ್ರಿ ಮತ್ತು ಮಣ್ಣು

ಒಂದೇ ಅಳತೆಯ ಮೂರು ಪ್ಲಾಸ್ಟಿಕ್ ಟಬ್‌ಗಳನ್ನು ತೆಗೆದುಕೊಂಡು, ಪ್ರತಿಯೊಂದರ ಒಂದು ಬದಿಯಲ್ಲಿ ತಳಕ್ಕೆ ಹತ್ತಿರವಾಗಿ ಪೆನ್ಸಿಲ್ ದಪ್ಪದ ಒಂದು ತೂತು ಕೊರೆಯಬೇಕು. ಮಣ್ಣು ಕೊಚ್ಚಿಹೋಗದಂತೆ ಒಳಗಿನಿಂದ ತೂತಿಗೆ ಹಳೆಯ ಪಂಚೆಯ ತುಂಡೊಂದನ್ನು ಅಡ್ಡ ಇಡಬೇಕು. ತೂತಿನ ಎದುರು ಬದಿಯ ಕೆಳಗೆ ಒಂದು ಇಟ್ಟಿಗೆಯಿಟ್ಟು ಟಬ್ಬನ್ನು ಓರೆ ಮಾಡಿ, ತೂತಿನ ಕೆಳಗೆ ಅಳತೆ ಜಾಡಿಯನ್ನು ಇಡಬೇಕು. ತಳದಲ್ಲಿ ಎರಡು ಬೆರಳು ಗರಸು, ಅದರ ಮೇಲೆ ನಾಲ್ಕು ಬೆರಳು ಮಸಾರಿ (ಕೆಂಪು) ಮಣ್ಣು ಹರವಿದರೆ ನದಿಯ ಜಲಾನಯನ ಪ್ರದೇಶ ಸಿದ್ಧವಾಗುತ್ತದೆ. ನಮ್ಮ ಭಾಗದ ಎರಿ (ಕಪ್ಪು) ಮಣ್ಣನ್ನು ಇದಕ್ಕೆ ಬಳಸಬಾರದು. ಅದು ಒಣಗಿದಾಗ ಬಿರುಕು ಬಿಟ್ಟು ನೀರನ್ನು ನೇರವಾಗಿ ಕೆಳಗಿಳಿಸುತ್ತದೆ, ನೆನೆದಾಗ ಉಬ್ಬಿ ಮುಚ್ಚಿಕೊಂಡು ನೀರನ್ನು ಬಿಡುವುದೇ ಇಲ್ಲ, ಹೀಗಾಗಿ ಎರಡು ಟಬ್‌ಗಳ ಹೋಲಿಕೆ ಕೆಡುತ್ತದೆ.

ಮಣ್ಣನ್ನು ಮೊದಲೇ ನೆನೆಸುವುದು ಈ ಇಡೀ ಕೆಲಸದಲ್ಲಿ ಮರೆಯಬಾರದ ಹೆಜ್ಜೆ. ಮೊದಲ ವರ್ಷ ನಾನು ಒಣ ಮಣ್ಣಿನಲ್ಲಿಯೇ ಪ್ರಯೋಗ ಮಾಡಿದೆ. ಎರಡು ಲೀಟರ್ ನೀರು ಸುರಿದರೂ ಜಾಡಿಯಲ್ಲಿ ಒಂದು ಲೀಟರ್ ಕೂಡ ತುಂಬಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ಹುಡುಗಿಯೊಬ್ಬಳು "ಸರ್, ಇನ್ನ ಅರ್ಧಾ ನೀರ ಎಲ್ಲಿ ಹೋತ್ರೀ?" ಎಂದು ಕೇಳಿದಳು. ಪ್ರಶ್ನೆ ಬಹಳ ಒಳ್ಳೆಯದಾಗಿತ್ತು, ಏಕೆಂದರೆ ಬೆಟ್ಟದಲ್ಲಿಯೂ ಕರಗಿದ ಮೊದಲ ನೀರು ಬೇಸಿಗೆಯಲ್ಲಿ ಒಣಗಿದ ನೆಲದ ಬಾಯಾರಿಕೆಯನ್ನು ತೀರಿಸಿದ ಮೇಲೆಯೇ ಹೊಳೆಗೆ ಇಳಿಯುತ್ತದೆ. ಅದಕ್ಕೆಂದೇ ಹಿಮ ಚೆನ್ನಾಗಿ ಬಿದ್ದ ವರ್ಷವೂ, ಹಿಂದಿನ ಹಂಗಾಮು ತೀರ ಒಣಗಿದ್ದರೆ, ನದಿಯ ನೀರು ನಿರೀಕ್ಷೆಗಿಂತ ಕಡಿಮೆಯಾಗಬಹುದು. ಆದರೆ ಇದನ್ನು ಎರಡನೆಯ ಪಾಠವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲ ದಿನ ಮೂರೂ ಟಬ್‌ಗಳ ಮಣ್ಣನ್ನು ಹಿಂದಿನ ಸಂಜೆಯೇ ಪೂರ್ತಿ ನೆನೆಸಿ, ತೂತಿನಿಂದ ಹನಿ ನಿಲ್ಲುವವರೆಗೆ ಬಸಿಯಲು ಬಿಡಬೇಕು.

ಬರ್ಫವನ್ನು ಕಬ್ಬಿನ ಹಾಲಿನ ಅಂಗಡಿಗಳಿಗೆ ಗಡ್ಡೆ ಒದಗಿಸುವವರಿಂದ ತರಬಹುದು. ಗೋಣಿಚೀಲದಲ್ಲಿ ಸುತ್ತಿ, ಮೇಲೆ ಭತ್ತದ ಹೊಟ್ಟು ತುಂಬಿ ತಂದರೆ ದಾರಿಯಲ್ಲಿ ಹೆಚ್ಚು ಕರಗುವುದಿಲ್ಲ. ಅದು ಕುಡಿಯಲು ಯೋಗ್ಯವಾದ ನೀರಿನದೇ ಆಗಿರಬೇಕೆಂದಿಲ್ಲ, ಆದ್ದರಿಂದ ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ಮೊದಲೇ ಹೇಳಬೇಕು. ಚೀಲದ ಮೇಲೆಯೇ ಸುತ್ತಿಗೆಯಿಂದ ಬಡಿದು ಅಡಿಕೆ ಗಾತ್ರದ ಚೂರುಗಳನ್ನಾಗಿ ಮಾಡಿ, ತಕ್ಕಡಿಯಲ್ಲಿ ಸರಿಯಾಗಿ ಎರಡು ಕೆಜಿ ತೂಗಬೇಕು. ಪಾತ್ರೆಯ ಅಳತೆಯಿಂದ ತೆಗೆದುಕೊಂಡರೆ ತಪ್ಪಾಗುತ್ತದೆ. ನೀರು ಗಟ್ಟಿಯಾದಾಗ ಹಿಗ್ಗುವುದರಿಂದ ಒಂದು ಲೀಟರ್ ಗಾತ್ರದ ಗಡ್ಡೆಯಲ್ಲಿ ಸುಮಾರು 917 ಮಿಲಿಲೀಟರ್ ನೀರು ಮಾತ್ರ ಇರುತ್ತದೆ, ಚೂರುಗಳ ನಡುವಿನ ಗಾಳಿಯನ್ನು ಲೆಕ್ಕಕ್ಕೆ ಹಿಡಿದರೆ ಇನ್ನೂ ಕಡಿಮೆ.

ಮಳೆಯ ಟಬ್ಬು, ಹಿಮದ ಟಬ್ಬು

ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಆರಂಭಿಸಬೇಕು, ಏಕೆಂದರೆ ಎರಡು ಕೆಜಿ ಬರ್ಫ ಪೂರ್ತಿ ಕರಗಲು ಗಂಟೆಗಟ್ಟಲೆ ಹೊತ್ತು ಹಿಡಿಯುತ್ತದೆ. ಮೊದಲ ಟಬ್ಬಿನ ಎತ್ತರದ ಬದಿಯ ಮೇಲೆ, ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬಿಯೊಂದರಿಂದ ಎರಡು ಲೀಟರ್ ನೀರನ್ನು ಐದು ನಿಮಿಷಗಳಲ್ಲಿ ಸುರಿಸಬೇಕು. ಅದೇ ಕ್ಷಣಕ್ಕೆ ಎರಡನೆಯ ಟಬ್ಬಿನ ಎತ್ತರದ ಬದಿಯಲ್ಲಿ ಎರಡು ಕೆಜಿ ಬರ್ಫವನ್ನು ರಾಶಿ ಹಾಕಬೇಕು. ಪ್ರತಿ ಟಬ್ಬಿಗೆ ಇಬ್ಬರು ಮಕ್ಕಳು, ಒಬ್ಬರು ಜಾಡಿ ಓದಲು, ಒಬ್ಬರು ಬರೆಯಲು. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೆ, ಅನಂತರ ಕಾಲು ಗಂಟೆಗೊಮ್ಮೆ ಎಷ್ಟು ನೀರು ಇಳಿಯಿತೆಂದು ಬರೆದುಕೊಳ್ಳಬೇಕು.

ಮಳೆಯ ಟಬ್ಬಿನ ಮಕ್ಕಳು ಮೊದಲ ಹದಿನೈದು ನಿಮಿಷ ಉಸಿರು ಬಿಡಲು ಪುರಸೊತ್ತಿಲ್ಲದಂತೆ ಜಾಡಿ ಬದಲಿಸುತ್ತಾರೆ, ಬಳಿಕ ಅವರಿಗೆ ಕೆಲಸವಿಲ್ಲ. ಹಿಮದ ಟಬ್ಬಿನ ಮಕ್ಕಳು ಮೊದಲಿಗೆ ಬೇಸರಪಡುತ್ತಾರೆ, ಆಮೇಲೆ ಊಟದ ಗಂಟೆ ಬಾರಿಸಿದರೂ ಜಾಡಿ ಬಿಟ್ಟು ಏಳುವುದಿಲ್ಲ. ಎರಡೂ ಅಂಕಿಗಳನ್ನು ಒಂದೇ ಗ್ರಾಫ್ ಹಾಳೆಯ ಮೇಲೆ ಬರೆದಾಗ, ಒಂದು ಗೆರೆ ಗೋಪುರದಂತೆ ಎದ್ದು ಬೀಳುತ್ತದೆ, ಇನ್ನೊಂದು ಅಡ್ಡ ಮಲಗಿದ ಗುಡ್ಡದಂತೆ ಉದ್ದಕ್ಕೂ ಸಾಗುತ್ತದೆ. ಎರಡು ಗೆರೆಗಳ ಕೆಳಗೂ ಇರುವ ನೀರು ಹೆಚ್ಚುಕಡಿಮೆ ಸಮ. ಇದನ್ನು ಮಕ್ಕಳೇ ಚೌಕಗಳನ್ನು ಎಣಿಸಿ ಕಂಡುಕೊಳ್ಳಬೇಕು, ನಾವು ಮುಂಚಿತವಾಗಿ ಹೇಳಬಾರದು.

ಇಷ್ಟು ತಡವೇಕೆ ಎಂಬ ಪ್ರಶ್ನೆಗೆ ಗುಪ್ತೋಷ್ಣದ ಪಾಠವನ್ನು ಇಲ್ಲಿ ಜೋಡಿಸಬಹುದು. ಸೊನ್ನೆ ಡಿಗ್ರಿಯಲ್ಲಿರುವ ಒಂದು ಕೆಜಿ ಬರ್ಫವನ್ನು ಸೊನ್ನೆ ಡಿಗ್ರಿಯ ನೀರಾಗಿಸಲು ಸುಮಾರು 334 ಕಿಲೋಜೂಲ್ ಶಾಖ ಬೇಕು. ಅಷ್ಟೇ ಶಾಖದಿಂದ ಒಂದು ಕೆಜಿ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ, ಅಂದರೆ ಕೈಯಿಡಲಾಗದಷ್ಟು ಬಿಸಿಯಾಗುವವರೆಗೆ, ಕಾಯಿಸಬಹುದು. ಬೆಟ್ಟದ ಮೇಲಿನ ಹಿಮರಾಶಿ ಈ ಶಾಖದ ಸಾಲವನ್ನು ಸೂರ್ಯನಿಂದಲೂ ಗಾಳಿಯಿಂದಲೂ ದಿನದಿನವೂ ಸ್ವಲ್ಪಸ್ವಲ್ಪವಾಗಿ ತೀರಿಸಿಕೊಳ್ಳಬೇಕಾಗುತ್ತದೆ. ಹಗಲು ತೀರಿಸಿದಷ್ಟು ನೀರು ಹೊಳೆಗೆ ಇಳಿಯುತ್ತದೆ, ರಾತ್ರಿ ಬಹುಮಟ್ಟಿಗೆ ನಿಲ್ಲುತ್ತದೆ. ಆದ್ದರಿಂದಲೇ ಹಿಮಾಲಯದ ಚಿಕ್ಕ ಹಳ್ಳಗಳು ಬೆಳಿಗ್ಗೆ ಮೊಣಕಾಲು ಮಟ್ಟ ಇದ್ದು, ಮಧ್ಯಾಹ್ನದ ಹೊತ್ತಿಗೆ ಉಕ್ಕುತ್ತವೆ. ನಮ್ಮ ಕಡೆಯಿಂದ ಸ್ಪಿತಿಗೋ ಲಡಾಖಿಗೋ ಚಾರಣಕ್ಕೆ ಹೋಗುವವರು ಹಳ್ಳ ದಾಟುವುದಿದ್ದರೆ ಬೆಳಗಿನಲ್ಲಿಯೇ ದಾಟಬೇಕೆಂಬ ಎಚ್ಚರಿಕೆಯ ಮೂಲ ಇದೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಜೂನ್ ಕೊನೆಯ ತೇವದ ಹವೆಯಲ್ಲಿ ಪ್ರಯೋಗ ಮಾಡಿದರೆ ಹಿಮದ ಟಬ್ಬಿನಿಂದ ಎರಡು ಲೀಟರಿಗಿಂತ ತುಸು ಹೆಚ್ಚೇ ನೀರು ಬರಬಹುದು. ತಣ್ಣೀರಿನ ಸ್ಟೀಲ್ ಲೋಟದ ಹೊರಮೈ ಬೆವರುವಂತೆ, ಗಾಳಿಯಲ್ಲಿದ್ದ ಆವಿ ಬರ್ಫದ ಮೇಲೆ ನೀರಾಗಿ ಕೂಡುತ್ತದೆ. ಹಾಗೆ ಕೂಡುವ ಒಂದು ಗ್ರಾಂ ಆವಿ ಬಿಟ್ಟುಕೊಡುವ ಶಾಖವು ಏಳು ಗ್ರಾಂಗೂ ಮಿಕ್ಕಿ ಬರ್ಫವನ್ನು ಕರಗಿಸಬಲ್ಲದು. ತೇವದ ಬೆಚ್ಚನೆಯ ಗಾಳಿ ಹಿಮದ ಮೇಲೆ ಬೀಸಿದಾಗ ಕೆಲವೊಮ್ಮೆ ದಿಢೀರನೆ ಪ್ರವಾಹ ಬರುವುದಕ್ಕೆ ಇದೇ ಕಾರಣ. ಮಳೆಯ ನೀರೇ ಹಿಮವನ್ನೆಲ್ಲ ಕರಗಿಸುತ್ತದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಲೆಕ್ಕ ಹಾಕಿದರೆ 10 ಡಿಗ್ರಿ ಉಷ್ಣಾಂಶದ ಒಂದು ಲೀಟರ್ ಮಳೆನೀರು ಕರಗಿಸಬಲ್ಲದ್ದು ಕೇವಲ 125 ಗ್ರಾಂ ಹಿಮವನ್ನು.

ಗೋಲಾದ ಬರ್ಫದಿಂದ ಹಿಮದ ಆಳ

ಬೆಟ್ಟದ ಮೇಲೆ ಒಂದು ಮೀಟರ್ ಹಿಮವಿದೆ ಎಂದರೆ ಎಷ್ಟು ನೀರಿದೆ ಎಂದರ್ಥ? ಇದನ್ನು ತಿಳಿಸಲು ಗೋಲಾ ಮಾರುವವರು ಹೆರೆಯುವಂಥ ಬರ್ಫದ ಪುಡಿ ಬೇಕು. ನೇರ ಗೋಡೆಯ ಸ್ಟೀಲ್ ಡಬ್ಬಿಯಲ್ಲಿ ಆ ಪುಡಿಯನ್ನು ಒತ್ತದೆ ಹತ್ತು ಸೆಂಟಿಮೀಟರ್ ಎತ್ತರಕ್ಕೆ ತುಂಬಿ, ಕರಗಿದ ಮೇಲೆ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆಯಬೇಕು. ಇನ್ನೊಂದು ಡಬ್ಬಿಯಲ್ಲಿ ಅದನ್ನೇ ಅಂಗೈಯಿಂದ ಒತ್ತಿ ತುಂಬಿ ಹೋಲಿಸಬೇಕು. ಆಗ ತಾನೇ ಬಿದ್ದ ಹಗುರ ಹಿಮದ ಹತ್ತು ಸೆಂಟಿಮೀಟರ್ ಕರಗಿದರೆ ಸುಮಾರು ಒಂದು ಸೆಂಟಿಮೀಟರ್ ನೀರು ಸಿಗುತ್ತದೆ. ವಾರಗಟ್ಟಲೆ ಕುಳಿತು ಗಟ್ಟಿಯಾದ ಹಿಮದಲ್ಲಿ ಎರಡು-ಮೂರು ಸೆಂಟಿಮೀಟರ್, ಬೇಸಿಗೆ ಹತ್ತಿರವಾದ ಭಾರದ ಹಿಮದಲ್ಲಿ ನಾಲ್ಕು-ಐದರವರೆಗೂ ಸಿಗಬಹುದು. ಗೋಲಾದ ಪುಡಿ ಈ ಕೊನೆಯ ಬಗೆಯ ಹಿಮವನ್ನು ಹೋಲುತ್ತದೆ.

ಹೀಗಾಗಿ ಹಿಮದ ಆಳವೊಂದನ್ನೇ ಅಳೆದರೆ ನೀರಿನ ಲೆಕ್ಕ ಸಿಗುವುದಿಲ್ಲ. ಅಳೆಯುವವರು ಟೊಳ್ಳು ಕೊಳವೆಯೊಂದನ್ನು ನೆಲ ಮುಟ್ಟುವವರೆಗೆ ಹಿಮದೊಳಗೆ ಇಳಿಸಿ, ತುಂಬಿಕೊಂಡ ಹಿಮವನ್ನು ಕೊಳವೆಯ ಸಮೇತ ತೂಗುತ್ತಾರೆ. ತೂಕದಿಂದ ನೀರಿನ ಎತ್ತರ ತಿಳಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಏಪ್ರಿಲ್ 1ರ ಸುಮಾರಿಗೆ ಮಾಡುವ ಇಂಥ ಅಳತೆಯ ಮೇಲೆಯೇ ಬೇಸಿಗೆಯ ನೀರಿನ ಹಂಚಿಕೆಯ ಅಂದಾಜು ನಿಂತಿರುತ್ತದೆ. 2015ರ ಏಪ್ರಿಲ್ 1ರಂದು ಅಲ್ಲಿನ ಹಿಮದಲ್ಲಿದ್ದ ನೀರು ವಾಡಿಕೆಯ ಶೇ 5ರಷ್ಟು ಮಾತ್ರವಿತ್ತು, ಆ ವರ್ಷ ರಾಜ್ಯದ ಪಟ್ಟಣಗಳ ನೀರಿನ ಬಳಕೆಗೆ ಕಡ್ಡಾಯವಾಗಿ ಕಡಿತ ಹಾಕಲಾಯಿತು. ಮಲಪ್ರಭೆಯ ನವಿಲುತೀರ್ಥದ ಜಲಾಶಯದಲ್ಲಿ ಎಷ್ಟು ಅಡಿ ನೀರಿದೆ ಎಂದು ನಾವು ಬೇಸಿಗೆಯಲ್ಲಿ ದಿನಪತ್ರಿಕೆ ಬಿಡಿಸಿ ನೋಡುವಂತೆ, ಅಲ್ಲಿಯ ರೈತರು ಬೆಟ್ಟದ ಹಿಮದ ತೂಕವನ್ನು ನೋಡುತ್ತಾರೆ.

ದಿನಕ್ಕೆಷ್ಟು ಕರಗೀತು

ಎಂಟು-ಒಂಬತ್ತನೆಯ ತರಗತಿಯವರಿಂದ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸಬಹುದು. ದಿನದ ಸರಾಸರಿ ಉಷ್ಣಾಂಶವು ಸೊನ್ನೆಗಿಂತ ಎಷ್ಟು ಡಿಗ್ರಿ ಮೇಲಿದೆಯೋ, ಅಂಥ ಪ್ರತಿ ಡಿಗ್ರಿಗೆ ದಿನವೊಂದಕ್ಕೆ ಸುಮಾರು ಮೂರರಿಂದ ಐದು ಮಿಲಿಮೀಟರ್ ನೀರಿನಷ್ಟು ಹಿಮ ಕರಗುತ್ತದೆ ಎಂಬುದು ರೂಢಿಯ ಅಂದಾಜು. ನಾಲ್ಕು ಎಂದು ಹಿಡಿಯೋಣ. ನೂರು ಚದರ ಕಿಲೋಮೀಟರ್ ಹಿಮಪ್ರದೇಶದಲ್ಲಿ ದಿನದ ಸರಾಸರಿ 5 ಡಿಗ್ರಿ ಇದ್ದರೆ 20 ಮಿಲಿಮೀಟರ್ ನೀರು ಕರಗುತ್ತದೆ. ನೂರು ಚದರ ಕಿಲೋಮೀಟರಿಗೆ ಗುಣಿಸಿದರೆ 20 ಲಕ್ಷ ಘನ ಮೀಟರ್, ಅಂದರೆ ಸೆಕೆಂಡಿಗೆ ಸುಮಾರು 23 ಘನ ಮೀಟರ್ ಹರಿವು. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್ ಆದ್ದರಿಂದ ಹದಿನಾಲ್ಕು ದಿನಗಳಲ್ಲಿ ಬೆಟ್ಟದಿಂದ ಹತ್ತಿರಹತ್ತಿರ ಒಂದು ಟಿಎಂಸಿ ನೀರು ಇಳಿಯಿತು. ಟಿಎಂಸಿ ಎಂಬ ಮಾತು ನಮ್ಮ ಮಕ್ಕಳಿಗೆ ಮನೆಯಲ್ಲಿ, ಕಟ್ಟೆಯ ಮೇಲೆ, ಸುದ್ದಿಯಲ್ಲಿ ನಿತ್ಯ ಕಿವಿಗೆ ಬೀಳುವಂಥದ್ದು. ಲೆಕ್ಕ ಅಲ್ಲಿಗೆ ಬಂದು ನಿಂತಾಗ ಅವರ ಮುಖದಲ್ಲಿ ಕಾಣುವ ಬೆಳಕು ಬೇರೆ.

ಬಿಸಿಲಿದ್ದ ದಿನ ಇನ್ನೊಂದು ಚಿಕ್ಕ ಪ್ರಯೋಗ ಸಾಧ್ಯ. ಮೂರು ತಟ್ಟೆಗಳಲ್ಲಿ ಸಮ ತೂಕದ ಬರ್ಫದ ಪುಡಿಯನ್ನಿಟ್ಟು, ಒಂದನ್ನು ಹಾಗೆಯೇ ಬಿಟ್ಟು, ಎರಡನೆಯದರ ಮೇಲೆ ಇದ್ದಿಲಿನ ಪುಡಿಯನ್ನು ತೆಳುವಾಗಿ ಉದುರಿಸಿ, ಮೂರನೆಯದನ್ನು ಮೂರು ಬೆರಳು ದಪ್ಪ ಮಣ್ಣಿನಿಂದ ಮುಚ್ಚಿ ಬಿಸಿಲಿಗಿಡಬೇಕು. ಇದ್ದಿಲು ಉದುರಿಸಿದ್ದು ಮೊದಲು ಕರಗುತ್ತದೆ, ಮಣ್ಣು ಹೊದೆಸಿದ್ದು ಕಡೆಗೆ. ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನ ಶೇ 80ರಿಂದ 90ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ, ಹೊಗೆಯ ಮಸಿಯೋ ಧೂಳೋ ಕೂತರೆ ಆ ಗುಣ ಕುಗ್ಗುತ್ತದೆ. ಹಿಮಾಲಯದ ಹಲವು ಹಿಮನದಿಗಳ ಕೆಳಭಾಗವು ಕಲ್ಲುಮಣ್ಣಿನ ದಪ್ಪ ಹೊದಿಕೆಯಡಿ ನಿಧಾನವಾಗಿ ಕರಗುವುದನ್ನು ಮೂರನೆಯ ತಟ್ಟೆ ತೋರಿಸುತ್ತದೆ.

ಯಾವ ನದಿಯಲ್ಲಿ ಎಷ್ಟು

ಪ್ರಯೋಗ ಮುಗಿದ ಮೇಲೆ ನಕಾಶೆಯನ್ನು ಗೋಡೆಗೆ ತೂಗುಹಾಕಿ ನಿಜವಾದ ನದಿಗಳಿಗೆ ಬರಬೇಕು. ಇಲ್ಲಿ ತಪ್ಪು ಕಲ್ಪನೆಯೊಂದನ್ನು ತಿದ್ದುವುದು ಅಗತ್ಯ. ಗಂಗೆಯ ನೀರೆಲ್ಲ ಹಿಮದ್ದೇ ಎಂದು ಮಕ್ಕಳು ನಂಬಿರುತ್ತಾರೆ, ಕೆಲವು ಶಿಕ್ಷಕರೂ ಸಹ. ವರ್ಷದ ಒಟ್ಟು ಲೆಕ್ಕದಲ್ಲಿ ಹಿಮ ಮತ್ತು ಹಿಮನದಿಗಳ ಪಾಲು ಭಾಕ್ರಾ ಅಣೆಕಟ್ಟೆಗೆ ಬರುವ ಸಟ್ಲೆಜ್ ನೀರಿನಲ್ಲಿ ಶೇ 60ಕ್ಕೆ ಹತ್ತಿರ, ಅಖ್ನೂರಿನ ಚೆನಾಬ್‌ನಲ್ಲಿ ಸುಮಾರು ಅರ್ಧ. ದೇವಪ್ರಯಾಗದ ಗಂಗೆಯಲ್ಲಿ ಅದು ಶೇ 30ರ ಆಸುಪಾಸಿಗೆ ಇಳಿಯುತ್ತದೆ, ಅಲ್ಲಿಂದ ಬಯಲಿಗಿಳಿದಂತೆ ಇನ್ನೂ ಕಿರಿದಾಗುತ್ತದೆ. ಇಂಥ ಅಂದಾಜುಗಳ ಹಿಂದೆ ಉತ್ತರಾಖಂಡದ ರೂರ್ಕಿಯಲ್ಲಿರುವ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯವರ ದೀರ್ಘ ಪರಿಶ್ರಮವಿದೆ. ಅದರ ಪ್ರಾದೇಶಿಕ ಕೇಂದ್ರವೊಂದು ನಮ್ಮ ನೆರೆಯ ಬೆಳಗಾವಿಯಲ್ಲಿಯೇ ಇದೆ. ಬಯಲಿನ ಗಂಗೆ ಬಹುಪಾಲು ಮುಂಗಾರಿನ ಮಗಳು. ಬೇಸಿಗೆಯಲ್ಲಿ ಅವಳನ್ನು ಕಾಯುವುದರಲ್ಲಿ ಹಿಮದೊಂದಿಗೆ ಅಂತರ್ಜಲಕ್ಕೂ ದೊಡ್ಡ ಪಾಲಿದೆ.

ವರ್ಷದ ಹಿಮಕ್ಕೂ ಹಿಮನದಿಗೂ ಇರುವ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ಹೇಳಬಹುದು. ವರ್ಷದ ಹಿಮ ಸಂಬಳವಿದ್ದಂತೆ, ಬಂದದ್ದು ಆ ವರ್ಷವೇ ಖರ್ಚಾಗುತ್ತದೆ. ಹಿಮನದಿ ಅಜ್ಜನ ಕಾಲದ ಠೇವಣಿ. ಬಿಸಿ ಏರಿದಾಗ ಠೇವಣಿ ಮುರಿಯುವುದರಿಂದ ಕೆಲವು ದಶಕ ನದಿಯಲ್ಲಿ ನೀರು ಹೆಚ್ಚಾದಂತೆಯೇ ಕಾಣುತ್ತದೆ, ಠೇವಣಿ ಸವೆದ ಬಳಿಕ ಬೇಸಿಗೆಯ ಹರಿವು ಕುಸಿಯುತ್ತದೆ. ಚಳಿಗಾಲದ ಮೋಡ ಹಿಮದ ಬದಲು ಮಳೆ ಸುರಿಸಿದರೆ ಒಟ್ಟು ನೀರು ಅಷ್ಟೇ ಇದ್ದರೂ ಬರುವ ಹೊತ್ತು ತಪ್ಪುತ್ತದೆ. ಲಡಾಖಿನ ಹಳ್ಳಿಗಳಿಗೆ ಈ ಹೊತ್ತಿನ ಕಷ್ಟ ಚೆನ್ನಾಗಿ ಗೊತ್ತು. ಬಿತ್ತನೆಗೆ ಏಪ್ರಿಲ್-ಮೇನಲ್ಲಿ ನೀರು ಬೇಕು, ಎತ್ತರದ ಹಿಮನದಿ ಕರಗುವುದು ಜೂನ್ ಬಳಿಕ. ಅಲ್ಲಿನ ಎಂಜಿನಿಯರ್ ಚೆವಾಂಗ್ ನಾರ್ಫೆಲ್ ಅವರು ಚಳಿಗಾಲದ ವ್ಯರ್ಥ ನೀರನ್ನು ಹಳ್ಳಿಗೆ ಹತ್ತಿರದ ನೆರಳಿನ ಕಣಿವೆಗಳಲ್ಲಿ ಗಡ್ಡೆಗಟ್ಟಿಸಿದರು. ಅಲ್ಲಿಯವರೇ ಆದ ಇನ್ನೊಬ್ಬ ಎಂಜಿನಿಯರ್ ಸೋನಮ್ ವಾಂಗ್‌ಚುಕ್ ಅವರು ಅದೇ ನೀರನ್ನು ಕೊಳವೆಯಿಂದ ಚಿಮ್ಮಿಸಿ ಸ್ತೂಪದ ಆಕಾರದಲ್ಲಿ ನಿಲ್ಲಿಸಿದರು. ಶಂಕುವಿನಾಕಾರಕ್ಕೆ ಬಿಸಿಲು ತಾಗುವ ಮೈ ಕಡಿಮೆ, ಆದ್ದರಿಂದ ಅದು ತಡವಾಗಿ ಕರಗುತ್ತದೆ. ಎರಡು ಕೆಜಿ ಬರ್ಫವನ್ನು ಹರವಿಟ್ಟರೆ ಎಷ್ಟು ಹೊತ್ತು, ರಾಶಿ ಮಾಡಿದರೆ ಎಷ್ಟು ಹೊತ್ತು ಎಂದು ಮಕ್ಕಳೇ ನೋಡಿಕೊಳ್ಳಬಹುದು.

ಮೂರನೆಯ ಟಬ್ಬು ನಮ್ಮೂರಿನದು

ಇಷ್ಟು ಹೊತ್ತು ಸುಮ್ಮನಿದ್ದ ಮೂರನೆಯ ಟಬ್ಬನ್ನು ಈಗ ತೆಗೆಯಬೇಕು. ಗುಡಿಗಳಲ್ಲಿ ಲಿಂಗದ ಮೇಲೆ ತೂಗುಬಿಟ್ಟ ಧಾರಾಪಾತ್ರೆಯಂತೆ, ತಳದಲ್ಲಿ ಸೂಜಿಮೊನೆಯ ತೂತುಳ್ಳ, ಎರಡು ಲೀಟರ್ ಅಷ್ಟೇ ಹಿಡಿಯುವ ಒಂದು ಮಡಿಕೆಯನ್ನು ಟಬ್ಬಿನ ಎತ್ತರದ ಬದಿಯ ಮೇಲೆ ಇಟ್ಟು, ಎರಡು ಲೀಟರ್ ನೀರನ್ನು ಒಮ್ಮೆಲೇ ಅದರೊಳಗೆ ಸುರಿಯಬೇಕು. ಜಾಡಿಯ ಅಂಕಿಗಳನ್ನು ಅದೇ ಗ್ರಾಫ್ ಹಾಳೆಯ ಮೇಲೆ ಬೇರೆ ಬಣ್ಣದಲ್ಲಿ ಗುರುತಿಸಿದಾಗ, ಗೆರೆ ಮಳೆಯ ಗೋಪುರವನ್ನು ಬಿಟ್ಟು ಹಿಮದ ಗುಡ್ಡದ ಪಕ್ಕ ಮಲಗುತ್ತದೆ. ಹಿಮವಿಲ್ಲದ ನಾಡಿನಲ್ಲಿ ಹಿಮದ ಕೆಲಸವನ್ನು ಕೆರೆ, ಜಲಾಶಯ ಮತ್ತು ಕಾಡಿನ ನೆಲ ಮಾಡುತ್ತವೆ ಎಂಬುದನ್ನು ಈ ಮಡಿಕೆಯಷ್ಟು ಸ್ಪಷ್ಟವಾಗಿ ತೋರಿಸಿದ ಪಾಠೋಪಕರಣವನ್ನು ನಾನು ಕಂಡಿಲ್ಲ.

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ಅಲ್ಲಿ ಮುಂಗಾರಿನ ನಾಲ್ಕು ತಿಂಗಳಲ್ಲಿ ಸುರಿಯುವ ಮಳೆ ಧಾರವಾಡದ ಮಳೆಯ ಹಲವು ಪಟ್ಟು. ಅದನ್ನು ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ತಡೆದು ನಿಲ್ಲಿಸಿದ ಜಲಾಶಯದಿಂದಲೇ ಹುಬ್ಬಳ್ಳಿ-ಧಾರವಾಡದ ನಳಗಳಿಗೆ ಬಹುಪಾಲು ನೀರು ಬರುತ್ತದೆ. ಏಪ್ರಿಲ್‌ನಲ್ಲಿ ನಳ ಬಂದ ದಿನ ಕೊಡ ತುಂಬಿಕೊಳ್ಳುವ ಮಕ್ಕಳು, ಆ ನೀರು ಹಿಂದಿನ ಜುಲೈ-ಆಗಸ್ಟ್‌ನಲ್ಲಿ ಘಟ್ಟದ ಮೇಲೆ ಬಿದ್ದದ್ದೆಂದು ತಿಳಿಯಬೇಕು. ಗದಗ-ಬೆಟಗೇರಿಗೆ ತುಂಗಭದ್ರೆಯ ಹಮ್ಮಿಗಿ ಬ್ಯಾರೇಜು, ಹಾವೇರಿ ಸೀಮೆಯ ಹೊಲಗಳಿಗೆ ವರದೆಯ ಮಡುಗಳು ಮತ್ತು ಊರೂರಿನ ಕೆರೆಗಳು ಇದೇ ಕೆಲಸ ಮಾಡುತ್ತವೆ. ಮಡಿಕೆಯ ತಳದಲ್ಲಿ ಎರಡು ಹಿಡಿ ಹೂಳು ತುಂಬಿ ಪ್ರಯೋಗವನ್ನು ಮತ್ತೊಮ್ಮೆ ಮಾಡಿಸಬೇಕು. ಎರಡು ಲೀಟರ್ ನೀರು ಅದರಲ್ಲಿ ಹಿಡಿಸದೆ ಮೇಲಿನಿಂದ ಚೆಲ್ಲುತ್ತದೆ, ಗೆರೆ ಮತ್ತೆ ಗೋಪುರದ ಆಕಾರಕ್ಕೆ ತಿರುಗುತ್ತದೆ. ಉಣಕಲ್ಲ ಕೆರೆಯ ಹೂಳಿನ ಬಗ್ಗೆ, ತಮ್ಮ ಊರ ಕೆರೆಯಂಗಳದ ಒತ್ತುವರಿಯ ಬಗ್ಗೆ ಮಕ್ಕಳು ಆಗ ಕೇಳುವ ಪ್ರಶ್ನೆಗಳಿಗೆ ಸಮಯ ಕೊಡಬೇಕು. ನನ್ನ ತರಗತಿಯಲ್ಲಿ ಅದಕ್ಕೆ ಒಂದು ಪೂರ್ತಿ ಅವಧಿ ಹಿಡಿದಿದೆ.

ಗ್ರಾಫ್ ಹಾಳೆಯನ್ನು ಗೋಡೆಗೆ ಅಂಟಿಸುವಾಗ ದಿನಾಂಕ, ಅಂದಿನ ಕೋಣೆಯ ಉಷ್ಣಾಂಶ, ಬರ್ಫದ ತೂಕ ಮತ್ತು ಮೂರೂ ಜಾಡಿಗಳ ಒಟ್ಟು ಅಳತೆಯನ್ನು ಕೆಳಗೆ ಬರೆದಿಡಬೇಕು. ಫೆಬ್ರುವರಿಯ ಒಣ ಹವೆಯಲ್ಲಿ ಒಮ್ಮೆ, ಜುಲೈನ ಜಡಿಮಳೆಯಲ್ಲಿ ಇನ್ನೊಮ್ಮೆ ಮಾಡಿ ಎರಡೂ ಹಾಳೆಗಳನ್ನು ಅಕ್ಕಪಕ್ಕ ತೂಗಿದರೆ, ಬರ್ಫದ ಮೇಲೆ ಗಾಳಿಯಿಂದ ಕೂಡಿದ ನೀರು ಎಷ್ಟೆಂಬುದನ್ನು ಮಕ್ಕಳು ಎರಡು ಅಂಕಿಗಳ ವ್ಯತ್ಯಾಸದಿಂದ ಅಂದಾಜು ಮಾಡಬಲ್ಲರು.